ಕೋವಿಯ ಹಕ್ಕು ಇರಲಿ, ಕೋವಿಗೆ ಬೀಗವೂ ಇರಲಿ

(ಗೋಣಿಕೊಪ್ಪದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಬಂದೂಕು ಕಾನೂನು ಇನ್ನೂ ಬಿಗಿಯಾಗಬೇಕೇ? ಇವತ್ತು ಈ ವಿಷಯದ ಮೇಲೆ ಮಾತಾಡಿ ಅಂತ ಹೇಳಿದ್ದಾರೆ. ಬೇರೆ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳಿದರೆ ಜನ ಅಮೆರಿಕದ ಸುದ್ದಿ ಮಾತಾಡುತ್ತಾರೆ. ನಮ್ಮ ಕೊಡಗಿನಲ್ಲಿ ಕೇಳಿದರೆ ಪ್ರತಿಯೊಬ್ಬರಿಗೂ ತಮ್ಮ ಮನೆಯ ಕೋವಿ ಕಣ್ಣ ಮುಂದೆ ಬರುತ್ತದೆ. ಕೂಡಲೇ ಎರಡು ಗುಂಪಾಗುತ್ತದೆ. ಒಬ್ಬರು "ಮುಟ್ಟಿ ನೋಡಿ" ಅನ್ನುತ್ತಾರೆ, ಇನ್ನೊಬ್ಬರು "ಈ ಕಾಲದಲ್ಲಿ ಇದೆಲ್ಲ ಯಾಕೆ" ಅನ್ನುತ್ತಾರೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡಗಿಗೆ ಸಿಕ್ಕಿರುವ ವಿನಾಯಿತಿ ಉಳಿಯಬೇಕು. ಆದರೆ ಮನೆಯೊಳಗೆ ಕೋವಿ ಇಡುವ ರೀತಿ ಬಿಗಿಯಾಗಬೇಕು. ಆ ಬಿಗಿಯನ್ನು ದೆಹಲಿಯವರು ಹೇರುವ ಮೊದಲು ನಾವೇ ತಂದುಕೊಳ್ಳಬೇಕು.

ಮೊದಲು ಕಾನೂನು ಏನು ಅಂತ ನೋಡೋಣ. ನಮ್ಮವರಲ್ಲೇ ಎಷ್ಟೋ ಜನ ಇದನ್ನು ಅರ್ಧಂಬರ್ಧ ತಿಳಿದುಕೊಂಡಿದ್ದಾರೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶ ಮಾಡಿಕೊಂಡರು. 1857ರ ದಂಗೆಯ ನಂತರ ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂತು. 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟರು. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಬಂದದ್ದು ಅವರಿಂದಲೇ. ಇದನ್ನು ಶೌರ್ಯಕ್ಕೆ ಸಿಕ್ಕ ಗೌರವ ಅಂತ ನಾವು ಹೇಳಿಕೊಳ್ಳುತ್ತೇವೆ. ಬ್ರಿಟಿಷರ ಲೆಕ್ಕದಲ್ಲಿ ಅದು ದಂಗೆಯ ಕಾಲದಲ್ಲಿ ಅವರ ಕಡೆ ನಿಂತದ್ದಕ್ಕೆ ಕೊಟ್ಟ ಬಹುಮಾನವೂ ಆಗಿತ್ತು. ಈ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಪೂರ್ತಿ ಕಥೆ ಗೊತ್ತಿರಬೇಕು.

ಸ್ವಾತಂತ್ರ್ಯ ಬಂದ ಮೇಲೆ 1959ರ ಆಯುಧ ಕಾಯ್ದೆ ಬಂತು. ಅದರ 3ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಯಾರೂ ಕೋವಿ ಇಟ್ಟುಕೊಳ್ಳುವಂತಿಲ್ಲ. ಆದರೆ 41ನೇ ಸೆಕ್ಷನ್ ಅಡಿಯಲ್ಲಿ, ಸಾರ್ವಜನಿಕ ಹಿತಕ್ಕೆ ಬೇಕು ಅಂತ ಕಂಡರೆ, ಕೇಂದ್ರ ಸರ್ಕಾರ ಒಂದು ವರ್ಗದ ಜನರಿಗೆ ವಿನಾಯಿತಿ ಕೊಡಬಹುದು. 1963ರಲ್ಲಿ ಕೊಡವರಿಗೂ ಜಮ್ಮಾ, ಅಂದರೆ ವಂಶಪಾರಂಪರ್ಯವಾಗಿ ಬಂದ ಭೂಮಿಯ, ಹಿಡುವಳಿದಾರರಿಗೂ ವಿನಾಯಿತಿ ಸಿಕ್ಕಿದ್ದು ಹೀಗೆ. ಜಮ್ಮಾ ಅಂದಾಗ ಅರೆಭಾಷೆ ಗೌಡರೂ ಬರುತ್ತಾರೆ, ಇನ್ನೂ ಕೆಲವು ಸಮುದಾಯದವರೂ ಬರುತ್ತಾರೆ. ಹಾಗಾಗಿ ಇದು ಒಂದೇ ಜನಾಂಗದ ಸಂಗತಿ ಅಂತ ಹೊರಗಿನವರು ಬರೆಯುವಾಗ ಅದು ಅರ್ಧ ಸತ್ಯ ಮಾತ್ರ.

ಇನ್ನು ಇತ್ತೀಚಿನದು. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಇಲಾಖೆ ಈ ವಿನಾಯಿತಿಯನ್ನು 10 ವರ್ಷಕ್ಕೆ ಮುಂದುವರಿಸಿತು. ಈ ಕೋವಿಗಳು ಗಂಭೀರ ಅಪರಾಧಗಳಲ್ಲಿ ದುರ್ಬಳಕೆ ಆಗಿಲ್ಲ ಅನ್ನುವುದು ಆಗ ಕೊಟ್ಟ ಕಾರಣಗಳಲ್ಲಿ ಒಂದು. ಆಮೇಲೆ ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಅರ್ಜಿ ಹೋಯಿತು. ಜಾತಿಯ ಹೆಸರಿನಲ್ಲಿ, ಭೂಮಿಯ ಹೆಸರಿನಲ್ಲಿ ಕೆಲವರಿಗೆ ಮಾತ್ರ ಇಂಥ ಸವಲತ್ತು ಯಾಕೆ ಅನ್ನುವುದು ಅರ್ಜಿಯ ಪ್ರಶ್ನೆ. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ನಾವೆಲ್ಲ ಖುಷಿಪಟ್ಟೆವು. ಆದರೆ ಆ ತೀರ್ಪು ಒತ್ತಿ ಹೇಳಿದ್ದೇನು ಅಂತ ಎಷ್ಟು ಜನ ಗಮನಿಸಿದ್ದೀರಿ? ಸ್ವಾತಂತ್ರ್ಯಕ್ಕೂ ಮೊದಲಿನಿಂದ ಇದು ನಡೆದು ಬಂದಿದೆ. ಈಗ ಕೊಟ್ಟಿರುವುದು ಶಾಶ್ವತವಾಗಿ ಅಲ್ಲ, 10 ವರ್ಷಕ್ಕೆ, ಷರತ್ತಿನ ಮೇಲೆ. ಆ 10 ವರ್ಷ ಮುಗಿಯುವುದು 2029ರ ಅಕ್ಟೋಬರ್ 31ಕ್ಕೆ. ಈ ತಾರೀಕನ್ನು ದಯವಿಟ್ಟು ನೆನಪಿಡಿ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ವಿನಾಯಿತಿ ಇದೆ ಅಂದರೆ ಕೋವಿಯ ವಿಷಯದಲ್ಲಿ ಯಾವ ಕಾನೂನೂ ನಮಗಿಲ್ಲ ಅಂತ ಕೆಲವರು ಅಂದುಕೊಂಡಿದ್ದಾರೆ. ಲೈಸೆನ್ಸಿನಿಂದ ವಿನಾಯಿತಿ, ಅಷ್ಟೇ. 1972ರ ವನ್ಯಜೀವಿ ಕಾಯ್ದೆ ನಮಗೂ ಇದೆ. ಬೇಟೆ ಆಡಿದರೆ ಕೇಸು. 2019ರ ಡಿಸೆಂಬರಿನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ತಂದು, ಮದುವೆ, ಸಮಾರಂಭಗಳಲ್ಲಿ ಜನರ ಜೀವಕ್ಕೆ ಅಪಾಯ ಆಗುವ ಹಾಗೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಅಂತ ಮಾಡಿದ್ದಾರೆ. ಕೋವಿ ಹಿಡಿದವರು ಯಾರೇ ಆಗಲಿ.

ಈಗ ಸ್ವಲ್ಪ ಯೋಚನೆ ಮಾಡಿ. ಲೈಸೆನ್ಸ್ ಇರುವವನಿಗೆ ಏನೇನು ತಾಪತ್ರಯ? ಪೊಲೀಸ್ ತನಿಖೆ ಆಗಬೇಕು. 2016ರ ಆಯುಧ ನಿಯಮಗಳ ಪ್ರಕಾರ ಕೋವಿ ಹಿಡಿಯುವ, ಇಡುವ ತರಬೇತಿ ಆಗಬೇಕು. 5 ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋಗಬೇಕು. ಅದೆಲ್ಲ ಕಿರಿಕಿರಿ, ಒಪ್ಪುತ್ತೇನೆ. ಆದರೆ ಆ ಕಿರಿಕಿರಿಯಲ್ಲಿ ಒಂದು ಉಪಯೋಗ ಇದೆ. ಈ ಮನುಷ್ಯನ ಕೈಗೆ ಇನ್ನೂ ಕೋವಿ ಕೊಡಬಹುದೇ ಅಂತ ಆಗಾಗ ಯಾರೋ ಒಬ್ಬರು ಕೇಳುತ್ತಾರೆ. ನಮಗೆ ಲೈಸೆನ್ಸ್ ಬೇಡ ಅಂದಾಗ ಆ ಕೇಳುವವರೂ ಇಲ್ಲವಾದರು. ವಿನಾಯಿತಿ ಪತ್ರ ಮಾಡಿಸುವಾಗ ಒಮ್ಮೆ ಡಿಸಿ ಕಚೇರಿ ಮೆಟ್ಟಿಲು ಹತ್ತುತ್ತೇವೆ. ಆಮೇಲೆ ಕೋವಿ ಮನೆಯಲ್ಲಿ, ನಾವು ತೋಟದಲ್ಲಿ. ಎಷ್ಟೋ ಮನೆಗಳಲ್ಲಿ ಅಜ್ಜ ತೀರಿಕೊಂಡು ವರ್ಷಗಳಾದರೂ ಕೋವಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಮಕ್ಕಳು ಬೆಂಗಳೂರಿನಲ್ಲಿ. ಮನೆಗೆ ಬೀಗ. ಒಳಗೆ ಕೋವಿ. ಇದು ಸಂಪ್ರದಾಯ ಉಳಿಸುವುದಾ, ಹೇಳಿ?

ಸಂಪ್ರದಾಯದ ಮಾತು ಬಂತಲ್ಲ, ಅದನ್ನೇ ಹತ್ತಿರದಿಂದ ನೋಡೋಣ. ಕೈಲ್‌ಪೊಳ್ದ್ ನಿಮಗೆಲ್ಲ ಗೊತ್ತು, ನಮ್ಮ ಆಯುಧ ಪೂಜೆಯ ಹಬ್ಬ. ನಾಟಿ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ. ಹಿಂದಿನ ದಿನ ಕೋವಿ ಇಳಿಸಿ ಹಳೇ ಬಟ್ಟೆಯ ಮೇಲೆ ಮಲಗಿಸುತ್ತಾರೆ. ನಳಿಗೆಯೊಳಗೆ ಎಣ್ಣೆ ಬಟ್ಟೆ ತೂರಿಸಿ ಎಳೆದರೆ ಮೊದಲ ಸಲ ಕಪ್ಪು ಬರುತ್ತದೆ, ಆಮೇಲೆ ಕಂದು, ಕೊನೆಗೆ ಬಟ್ಟೆಯ ಬಣ್ಣವೇ ಬರುತ್ತದೆ. ಹಿಡಿಯ ಮರಕ್ಕೆ ಎಣ್ಣೆ ತಿಕ್ಕಿದಾಗ ಅದರ ಗೆರೆಗಳು ಎದ್ದು ಕಾಣುತ್ತವೆ. ಬೆಳಿಗ್ಗೆ ಕೋವಿ, ಪೀಚೆಕತ್ತಿ, ಒಡಿಕತ್ತಿ, ನೇಗಿಲು ಎಲ್ಲ ಸಾಲಾಗಿ ಇಟ್ಟು, ಗಂಧ ಹಚ್ಚಿ, ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ಬೆಂಕಿಯ ನಾಲಗೆಯ ಹಾಗೆ ಕೆಂಪು ಹಳದಿ ಇರುವ ಹೂವು, ಬೇಲಿಯಲ್ಲಿ ಆ ಹೊತ್ತಿಗೆ ಸರಿಯಾಗಿ ಅರಳಿರುತ್ತದೆ. ಪೂಜೆ ಆದ ಮೇಲೆ ಮನೆಯ ಹಿರಿಯರು ಕಿರಿಯರ ಕೈಗೆ ಕೋವಿ ಕೊಡುತ್ತಾರೆ. ಕೊಡುವಾಗ ಬುದ್ಧಿಮಾತು ಹೇಳುತ್ತಾರೆ. ಆಮೇಲೆ ಕಡಂಬುಟ್ಟು, ಪಂದಿ ಕರಿಯ ಊಟ, ಮೈದಾನದಲ್ಲಿ ತೆಂಗಿನಕಾಯಿಗೆ ಗುರಿ. ಈಗ ಹೆಣ್ಣುಮಕ್ಕಳೂ ಗುರಿ ಹಿಡಿಯುತ್ತಾರೆ, ಕಾಯಿ ಒಡೆಯುತ್ತಾರೆ. ನನಗೆ ಇದು ತುಂಬಾ ಇಷ್ಟದ ಬದಲಾವಣೆ. ಹಿಂದೆ ಗಂಡು ಮಗು ಹುಟ್ಟಿದರೆ ಮಾತ್ರ ಒಂದು ಗುಂಡು ಹಾರಿಸುತ್ತಿದ್ದರು. ಹೆಣ್ಣು ಮಗುವಿಗೂ ಹಾರಿಸಿ ಅಂತ ನಾನು ಕೇಳುವ ಜನ.

ಈ ಹಬ್ಬದಲ್ಲಿ ನಾವು ಮರೆತಿರುವ ಒಂದು ಭಾಗ ಇದೆ. ನಾಟಿಯ ದಿನಗಳಲ್ಲಿ ಕೋವಿ ಎಲ್ಲಿ ಇರುತ್ತಿತ್ತು? ಕನ್ನಿಕೋಂಬರೆಯಲ್ಲಿ. ಹಿರಿಯರು ಆಯುಧಗಳನ್ನು ದೇವರ ಕೋಣೆಯೊಳಗೆ ಇಟ್ಟುಬಿಡುತ್ತಿದ್ದರು. ಗದ್ದೆ ಕೆಲಸದ ದಿನಗಳಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಕೈಲ್‌ಪೊಳ್ದ್ ಬಂದಾಗ, ಹಿರಿಯರ ಕೈಯಿಂದಲೇ ಅದು ಹೊರಗೆ ಬರಬೇಕು. ಅಂದರೆ ಕೋವಿಯನ್ನು ಎತ್ತಿಡುವುದೂ ನಮ್ಮ ಪದ್ಧತಿಯೇ. ಯಾವಾಗ ತೆಗೆಯಬೇಕು, ಯಾರು ಕೊಡಬೇಕು, ಯಾವಾಗ ಮುಟ್ಟಬಾರದು ಅಂತ ಒಕ್ಕದೊಳಗೆ, ಅಂದರೆ ಮನೆತನದೊಳಗೆ, ಒಂದು ಕಟ್ಟುಪಾಡು ಇತ್ತು. ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು ಗುಂಡು ಅನ್ನುವುದೂ ಲೆಕ್ಕವೇ. ಊರಿನವರು ಶಬ್ದ ಎಣಿಸಿ ಸುದ್ದಿ ತಿಳಿಯುತ್ತಿದ್ದರು. ಮದುವೆಯಲ್ಲಿ ಕುಡಿದು ಆಕಾಶಕ್ಕೆ ಹತ್ತು ಸಲ ಹೊಡೆಯುವುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಅದನ್ನು ಪದ್ಧತಿ ಅಂತ ಕರೆಯಬೇಡಿ.

ಇನ್ನು ಹೊರಗಿನ ದೇಶಗಳ ಚರ್ಚೆ. ಎರಡು ದೇಶದ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಅಮೆರಿಕದಲ್ಲಿ 1791ರಿಂದ ಬಂದೂಕಿನ ಹಕ್ಕು ಸಂವಿಧಾನದಲ್ಲೇ ಇದೆ. ಆಸ್ಟ್ರೇಲಿಯಾದಲ್ಲಿ 1996ರ ಏಪ್ರಿಲ್‌ನಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಕೆಲವೇ ದಿನಗಳಲ್ಲಿ ಅಲ್ಲಿನ ಸರ್ಕಾರ, ರಾಜ್ಯಗಳು ಎಲ್ಲ ಸೇರಿ ಕಾನೂನು ಬಿಗಿ ಮಾಡಿದವು. ದುಡ್ಡು ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ವಾಪಸ್ ಪಡೆದು ನಾಶ ಮಾಡಿದರು. ನಮ್ಮ ಟಿವಿ ಚರ್ಚೆಗಳಲ್ಲಿ ಒಬ್ಬರು ಅಮೆರಿಕ ಹಿಡಿದುಕೊಳ್ಳುತ್ತಾರೆ, ಇನ್ನೊಬ್ಬರು ಆಸ್ಟ್ರೇಲಿಯಾ. ಎರಡೂ ನಮಗೆ ಸರಿಯಾಗಿ ಹೊಂದುವುದಿಲ್ಲ.

ನಮಗೆ ಹತ್ತಿರದ ದೇಶ ಸ್ವಿಟ್ಜರ್‌ಲೆಂಡ್. ಬೆಟ್ಟದ ನಾಡು, ಚಿಕ್ಕ ದೇಶ, ಸೈನ್ಯದ ಸಂಪ್ರದಾಯ. ಅಲ್ಲಿ ಸಾಮಾನ್ಯ ಜನರೇ ಸೈನಿಕರು. ತರಬೇತಿ ಮುಗಿಸಿ ಸೈನ್ಯದ ರೈಫಲನ್ನು ಮನೆಗೆ ತರುತ್ತಾರೆ. ಜ್ಯೂರಿಕ್ ಊರಿನಲ್ಲಿ ಸೆಪ್ಟೆಂಬರ್‌ನಲ್ಲೇ ಹದಿಹರೆಯದ ಮಕ್ಕಳಿಗೆ ಗುರಿ ಹೊಡೆಯುವ ಹಬ್ಬ ಇದೆ. ಅಲ್ಲೂ ಹುಡುಗಿಯರನ್ನು ಸೇರಿಸಿಕೊಂಡದ್ದು 1991ರಲ್ಲಿ, ಅಷ್ಟು ತಡವಾಗಿ! ಅಲ್ಲಿನವರು ಏನು ಮಾಡಿದರು ನೋಡಿ. 2007ರಿಂದ ಸೈನ್ಯ ಮನೆಮನೆಯಲ್ಲಿದ್ದ ಮದ್ದುಗುಂಡನ್ನು ವಾಪಸ್ ತೆಗೆದುಕೊಂಡಿತು. ರೈಫಲ್ ಮಾತ್ರ ಮನೆಯಲ್ಲಿ. 2011ರಲ್ಲಿ ರೈಫಲನ್ನೂ ಸೈನ್ಯದ ಉಗ್ರಾಣಕ್ಕೆ ಕೊಡಬೇಕೇ ಅಂತ ಜನಮತ ಕೇಳಿದರು. ಜನ ಬೇಡ ಅಂದರು. ಹಕ್ಕು ಬಿಟ್ಟುಕೊಡಲಿಲ್ಲ, ಆದರೆ ಗುಂಡು ಮತ್ತು ಕೋವಿ ಒಂದೇ ಕಪಾಟಿನಲ್ಲಿ ಇರದ ಹಾಗೆ ಮಾಡಿಕೊಂಡರು.

ಅಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ನಾನು ಇವತ್ತು ಇಲ್ಲಿ ನಿಂತಿರುವುದೇ ಅದಕ್ಕಾಗಿ. 2003ರ ಹೊತ್ತಿಗೆ ಸ್ವಿಸ್ ಸೈನ್ಯವನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಅದರಿಂದ ಎಷ್ಟೋ ಮನೆಗಳಲ್ಲಿ ಕೋವಿ ಇಲ್ಲವಾಯಿತು. ಆಮೇಲೆ ಸಂಶೋಧಕರು ನೋಡಿದಾಗ, ಸೈನ್ಯದ ಸೇವೆಯ ವಯಸ್ಸಿನ ಗಂಡಸರಲ್ಲಿ ಆತ್ಮಹತ್ಯೆ ಕಡಿಮೆ ಆಗಿತ್ತು. ಕೋವಿ ಇಲ್ಲದಿದ್ದರೆ ಬೇರೆ ದಾರಿ ಹುಡುಕುತ್ತಾರೆ ಅಂತ ನಾವೆಲ್ಲ ಹೇಳುತ್ತೇವೆ, ಅಲ್ವಾ? ಬೇರೆ ದಾರಿಗೆ ಹೋದವರು ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ಇಸ್ರೇಲಿನಲ್ಲೂ ಹಾಗೇ ಆಯಿತು. ಅಲ್ಲಿ 2006ರಲ್ಲಿ ಸೈನಿಕರು ವಾರದ ರಜೆಗೆ ಮನೆಗೆ ಹೋಗುವಾಗ ಬಂದೂಕನ್ನು ಕ್ಯಾಂಪಿನಲ್ಲೇ ಬಿಡಬೇಕು ಅಂತ ಮಾಡಿದರು. ಯುವ ಸೈನಿಕರ ಆತ್ಮಹತ್ಯೆ ಸುಮಾರು ಶೇ. 40ರಷ್ಟು ಇಳಿಯಿತು. ಇಳಿದದ್ದು ಮುಖ್ಯವಾಗಿ ವಾರದ ಕೊನೆಯ ದಿನಗಳಲ್ಲಿ. ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಟಿವಿಯಲ್ಲಿ ಬರುವುದು ಶಾಲೆಯ ಗುಂಡಿನ ದಾಳಿ. ಮನೆಯೊಳಗಿನದು ಟಿವಿಗೆ ಬರುವುದಿಲ್ಲ.

ನಾನು ಯಾಕೆ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ? ಕೊಡಗಿನ ಕೋವಿ ಯಾರನ್ನೂ ದರೋಡೆ ಮಾಡಿಲ್ಲ ಅಂತ ನಾವು ಎದೆ ತಟ್ಟಿ ಹೇಳುತ್ತೇವೆ. ಸರಿ. ಆದರೆ ಕೋವಿಯ ಅಪಾಯ ರಸ್ತೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಮಳೆಗಾಲದ ಮನೆಯಲ್ಲಿದೆ. ಜೂನ್‌ನಿಂದ ಶುರುವಾದ ಮಳೆ ನಿಲ್ಲುವುದಿಲ್ಲ. ಕರೆಂಟ್ ಇಲ್ಲ. ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದಿದೆ, ಕಾಫಿ ಕಾಯಿ ಉದುರುತ್ತಿದೆ, ಬ್ಯಾಂಕಿನ ನೋಟಿಸ್ ಬಂದಿದೆ. ಮಕ್ಕಳು ದೂರ. ಸಂಜೆ ಗ್ಲಾಸು ಹಿಡಿದು ಕೂತ ಮನುಷ್ಯನ ಹಿಂದೆ, ಬಾಗಿಲ ಸಂದಿಯಲ್ಲಿ ಕೋವಿ ಒರಗಿದೆ. ತೋಟಾ ಅಲ್ಲೇ ಡ್ರಾಯರಿನಲ್ಲಿದೆ. ಮನಸ್ಸು ಕೆಟ್ಟ ಆ ಗಳಿಗೆ ಬಹಳ ಹೊತ್ತು ಇರುವುದಿಲ್ಲ. ಅದು ದಾಟಿದರೆ ಮನುಷ್ಯ ಉಳಿಯುತ್ತಾನೆ. ಬೀಗ ತೆಗೆಯಲು ಹೆಂಡತಿಯ ಹತ್ತಿರ ಕೀ ಕೇಳಬೇಕಾಗಿ ಬಂದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಇಲ್ಲಿ ಕೂತವರಲ್ಲಿ ಯಾರಿಗಾದರೂ, ಅಥವಾ ನಿಮ್ಮ ಮನೆಯವರಿಗೆ, ಹಾಗೆ ಅನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅದನ್ನು ಬರೆದುಕೊಳ್ಳಿ.

ಸೈನ್ಯದಿಂದ ನಿವೃತ್ತರಾದವರು ಇಲ್ಲಿ ತುಂಬಾ ಜನ ಇದ್ದೀರಿ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು ಅಂತ ನಾವು ಹೆಮ್ಮೆ ಪಡುತ್ತೇವೆ. ನೀವೇ ಹೇಳಿ, ಯೂನಿಟ್ಟಿನಲ್ಲಿ ರೈಫಲನ್ನು ಮಂಚದ ಕೆಳಗೆ ಇಟ್ಟು ಮಲಗುತ್ತಿದ್ದಿರಾ? ಕೋತ್, ಅಂದರೆ ಆಯುಧದ ಕೋಣೆ, ಇತ್ತು. ಸಹಿ ಹಾಕಿ ತೆಗೆಯಬೇಕು, ಸಹಿ ಹಾಕಿ ಒಪ್ಪಿಸಬೇಕು. ಮದ್ದುಗುಂಡು ಬೇರೆ ಕಡೆ. ಒಂದು ಗುಂಡು ಲೆಕ್ಕಕ್ಕೆ ಸಿಗದಿದ್ದರೆ ಇಡೀ ಕಂಪನಿ ಮೈದಾನದಲ್ಲಿ ಹುಲ್ಲು ಕೆದಕಬೇಕಿತ್ತು. ಅಲ್ಲಿ ಯಾರೂ "ನಮ್ಮನ್ನು ಅನುಮಾನಿಸುತ್ತಿದ್ದಾರೆ" ಅಂತ ಬೇಸರ ಮಾಡಿಕೊಳ್ಳಲಿಲ್ಲ. ಇಪ್ಪತ್ತು ವರ್ಷ ಆ ಶಿಸ್ತಿನಲ್ಲಿ ಇದ್ದವರು ಊರಿಗೆ ಬಂದ ಮೇಲೆ ಕೋವಿಯನ್ನು ಗೋಡೆಯ ಮೊಳೆಗೆ ನೇತು ಹಾಕುವುದು ನನಗೆ ಅರ್ಥವಾಗುವುದಿಲ್ಲ.

ಆಕ್ಷೇಪಣೆ ಇರುತ್ತದೆ, ಗೊತ್ತು. ಮೊದಲನೆಯದು ಆನೆ. ರಾತ್ರಿ ಆನೆ ತೋಟಕ್ಕೆ ನುಗ್ಗಿದಾಗ ಬೀಗ ಹುಡುಕುತ್ತಾ ಕೂರಬೇಕಾ ಅಂತ ಕೇಳುತ್ತಾರೆ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆಯವರ ಕಷ್ಟ ಸಣ್ಣದಲ್ಲ. ಮನೆ ಬಾಗಿಲಲ್ಲೇ ಜನ ಸತ್ತಿದ್ದಾರೆ. ಆದರೆ ನಮ್ಮ ಮನೆಯ ಜೋಡಿ ನಳಿಗೆಯಿಂದ ಚರೆ ಹೊಡೆದರೆ ಆನೆ ನಿಲ್ಲುವುದಿಲ್ಲ. ಗಾಯ ಆಗುತ್ತದೆ, ಸಿಟ್ಟು ಏರುತ್ತದೆ, ಮಾರನೇ ದಿನ ಅದೇ ದಾರಿಯಲ್ಲಿ ಬರುವ ಕೂಲಿ ಹೆಂಗಸಿನ ಮೇಲೆ ಅದು ತಿರುಗುತ್ತದೆ. ಆನೆಯ ಸಮಸ್ಯೆಗೆ ಅರಣ್ಯ ಇಲಾಖೆಯಿಂದ ಉತ್ತರ ಕೇಳೋಣ, ಜೋರಾಗಿಯೇ ಕೇಳೋಣ. ಕೋವಿ ಅದಕ್ಕೆ ಉತ್ತರ ಅಲ್ಲ. ಇನ್ನು ಕಾಡುಹಂದಿ. ಕತ್ತಲಲ್ಲಿ ಪೊದೆ ಅಲುಗಾಡಿದ್ದು ನೋಡಿ ಹಂದಿ ಅಂತ ಹೊಡೆದು, ಟಾರ್ಚ್ ಬಿಟ್ಟು ನೋಡಿದರೆ ಜೊತೆಗೆ ಬಂದವನೇ ಬಿದ್ದಿರುವ ಸುದ್ದಿಯನ್ನು ಮಲೆನಾಡಿನಲ್ಲಿ ಓದದವರು ಯಾರು?

ಎರಡನೆಯದು, ಒಂಟಿ ಮನೆ. ವಯಸ್ಸಾದ ಇಬ್ಬರೇ, ಪಕ್ಕದ ಮನೆ ಒಂದು ಕಿಲೋಮೀಟರ್ ದೂರ. ಈ ಭಯ ನಿಜ, ನಾನು ತಳ್ಳಿಹಾಕುವುದಿಲ್ಲ. ಅಂಥವರು ಮಲಗುವ ಕೋಣೆಯಲ್ಲೇ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಕಪಾಟು ಇಟ್ಟುಕೊಳ್ಳಲಿ. ತೆಗೆಯಲು ಅರ್ಧ ನಿಮಿಷ ಸಾಕು. ನಾನು ಬೇಡ ಅನ್ನುವುದು ಬಾಗಿಲ ಸಂದಿಯನ್ನು, ಮಂಚದ ಕೆಳಗನ್ನು, ಮೊಮ್ಮಕ್ಕಳು ರಜೆಗೆ ಬಂದಾಗಲೂ ತೋಟಾ ತುಂಬಿಯೇ ಇರುವ ಕೋವಿಯನ್ನು.

ಮೂರನೆಯದು ಜಾಸ್ತಿ ಜೋರಾಗಿ ಕೇಳುವ ಮಾತು. "ನಾವೇ ನಿಯಮ ಮಾಡಿಕೊಂಡರೆ ಸರ್ಕಾರ ಅದನ್ನೇ ಹಿಡಿದು ಪೂರ್ತಿ ಕಿತ್ತುಕೊಳ್ಳುತ್ತದೆ." ಚುನಾವಣೆ ಬಂದಾಗಲೆಲ್ಲ ಕೋವಿ ಠಾಣೆಗೆ ಒಪ್ಪಿಸುವ ಮಾತು ಎದ್ದು, ನಮ್ಮ ಸಂಘಟನೆಗಳು ಮನವಿ ಹಿಡಿದು ಓಡುವುದನ್ನು ನೋಡಿ ಈ ಭಯ ಬಂದಿದೆ. ನನ್ನ ಲೆಕ್ಕ ಬೇರೆ. ನಾಳೆ ಒಂದು ಕೆಟ್ಟ ಘಟನೆ ನಡೆಯಿತು ಅಂತ ಇಟ್ಟುಕೊಳ್ಳಿ. ಆಸ್ಟ್ರೇಲಿಯಾದಲ್ಲಿ ಕಾನೂನು ಬದಲಾಗಲು ಎರಡು ವಾರ ಸಾಕಾಯಿತು. ಆಗ ಯಾರೂ ಕನ್ನಿಕೋಂಬರೆಯ ಕಥೆ ಕೇಳುವುದಿಲ್ಲ. ನ್ಯಾಯಾಲಯದಲ್ಲಿ ಸಮಾನತೆಯ ಪ್ರಶ್ನೆ ಕೇಳಿದವರು ಸುಮ್ನೆ ಕೇಳಿಲ್ಲ. ನಮ್ಮ ತೋಟದ ಲೈನ್ ಮನೆಯಲ್ಲಿ ಇರುವ ಯರವ, ಕುರುಬ ಬುಡಕಟ್ಟಿನ ಕುಟುಂಬಗಳ ಕಡೆಯಿಂದ ಒಮ್ಮೆ ನೋಡಿ. ಅವರಿಗೆ ಜಮ್ಮಾ ಇಲ್ಲ, ವಿನಾಯಿತಿ ಇಲ್ಲ. ಕೋವಿ ಯಾವಾಗಲೂ ಧಣಿಯ ಕೈಯಲ್ಲಿ. ಕೂಲಿಯ ಲೆಕ್ಕ ಕೇಳಲು ಬಂದವನಿಗೆ ಜಗಲಿಯ ಗೋಡೆಯಲ್ಲಿ ಕಾಣುವ ಕೋವಿ ಪೂಜೆಯ ವಸ್ತುವಾಗಿ ಕಾಣುತ್ತದೆಯೇ? ಅದು ಒಳಗೆ, ಬೀಗದ ಹಿಂದೆ ಇರಬೇಕು ಅನ್ನಲು ಇದೂ ಒಂದು ಕಾರಣ. ನಮ್ಮ ಸಭೆಗಳಲ್ಲಿ ಈ ಮಾತು ಬರುವುದೇ ಇಲ್ಲ, ಬರಬೇಕು.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ ಏನೂ ಬೇಡ. ಪ್ರತಿ ಒಕ್ಕ ವರ್ಷಕ್ಕೊಮ್ಮೆ ತನ್ನ ಮೂಲ ಮನೆಯಾದ ಐನ್‌ಮನೆಯಲ್ಲಿ ಸೇರುತ್ತದೆ. ಆ ದಿನ ಕೋವಿಗಳ ಪಟ್ಟಿ ಓದಲಿ. ಯಾರ ಹೆಸರಿನಲ್ಲಿದೆ, ಈಗ ಯಾರ ಮನೆಯಲ್ಲಿದೆ, ಎಲ್ಲಿ ಇಟ್ಟಿದ್ದಾರೆ. ತೀರಿಕೊಂಡವರ ಹೆಸರಿನಲ್ಲಿ ಇದ್ದರೆ ಆ ವರ್ಷವೇ ಡಿಸಿ ಕಚೇರಿಗೆ ಹೋಗಿ ಸರಿ ಮಾಡಿಸಲಿ. ಬೀಗ ಹಾಕಿದ ಖಾಲಿ ಮನೆಯಲ್ಲಿ ಕೋವಿ ಬಿಡುವುದು ಬೇಡ. ಲೈಸೆನ್ಸ್ ಇರುವ ಅಂಗಡಿಗಳಲ್ಲಿ ಕೋವಿ ಇಡುವ ವ್ಯವಸ್ಥೆ ಇದೆ. ಮನೆಯಲ್ಲಿ ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ. ಕೀ ಒಬ್ಬರ ಹತ್ತಿರವೇ ಬೇಡ. ಮನೆಯ ಹೆಂಗಸರ ಹತ್ತಿರ ಒಂದು ಇರಲಿ. ಮನೆಯಲ್ಲಿ ಯಾರಿಗೋ ಮನಸ್ಸು ಸರಿ ಇಲ್ಲ, ಕುಡಿತ ಜಾಸ್ತಿ ಆಗಿದೆ ಅಂತ ಕಂಡರೆ, ಕೋವಿಯನ್ನು ಆ ಮನೆಯಿಂದ ಕಾನೂನು ಪ್ರಕಾರ ಹೊರಗೆ ಸಾಗಿಸಿ ಅಂತ ಹೇಳುವ ಧೈರ್ಯ ಒಕ್ಕದ ಹಿರಿಯರಿಗೆ ಇರಬೇಕು. ಇದು ಅವಮಾನ ಅಲ್ಲ. ಗುರಿ ಸ್ಪರ್ಧೆ ನಡೆಸುವ ಸಂಘಗಳು ಮೈದಾನದಲ್ಲಿ ಈಗಾಗಲೇ ಎಚ್ಚರ ವಹಿಸುತ್ತವೆ. ಅದೇ ದಿನ ಬೆಳಿಗ್ಗೆ ಒಂದು ಗಂಟೆ ಹುಡುಗ ಹುಡುಗಿಯರಿಗೆ ತರಬೇತಿ ಕೊಡಲಿ. ನಿವೃತ್ತ ಸುಬೇದಾರರು ಪ್ರತಿ ನಾಡಿನಲ್ಲೂ ಇದ್ದಾರೆ, ಕರೆದರೆ ಬರುತ್ತಾರೆ.

2029ರ ಅಕ್ಟೋಬರಿಗೆ ಮೊದಲು ಮತ್ತೆ ಮನವಿ ಪತ್ರ ಬರೆಯುತ್ತೇವೆ. ಅದರಲ್ಲಿ 1861, ಕಾವೇರಿ, ಕಾರ್ಯಪ್ಪ ಎಲ್ಲ ಇರುತ್ತದೆ, ಇರಲಿ. ಅದರ ಜೊತೆಗೆ ಒಕ್ಕಗಳ ಪಟ್ಟಿಯನ್ನೂ ಲಗತ್ತಿಸಬೇಕು: ಇಷ್ಟು ಮನೆಯಲ್ಲಿ ಕೋವಿಗೆ ಬೀಗ ಇದೆ, ಇಷ್ಟು ಜನ ತರಬೇತಿ ಪಡೆದಿದ್ದಾರೆ, ಸತ್ತವರ ಹೆಸರಿನಲ್ಲಿ ಒಂದು ಕೋವಿಯೂ ಇಲ್ಲ ಅಂತ. ಈ ಪಟ್ಟಿ ಒಂದು ವರ್ಷದಲ್ಲಿ ಆಗುವುದಿಲ್ಲ. ನಿಮ್ಮ ಒಕ್ಕದ ಮುಂದಿನ ಸಭೆ ಯಾವಾಗ ಅಂತ ನೋಡಿಕೊಳ್ಳಿ, ಅಲ್ಲಿ ಈ ವಿಷಯ ಎತ್ತಿ. ಪಟ್ಟಿಗೆ ಬೇಕಾದ ನಮೂನೆ ಮಾಡಿ ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿ.